ಪದಕ ದೇಶಕ್ಕೆ, ಪಳಗುವುದು ಕ್ಲಬ್ಬಿನಲ್ಲಿ: ಮಹಿಳಾ ವಾಲಿಬಾಲ್ ಶಿಖರಕ್ಕೆ ಇಟಲಿ ಏರಿದ ಬಗೆ

2025ರ ಸೆಪ್ಟೆಂಬರ್ 7ರಂದು ಬ್ಯಾಂಕಾಕ್‌ನಲ್ಲಿ ನಡೆದ ಮಹಿಳಾ ವಾಲಿಬಾಲ್ ವಿಶ್ವ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ಇಟಲಿ ಮತ್ತು ಟರ್ಕಿ ಎದುರುಬದುರಾಗಿದ್ದವು. ಮೊದಲ ಸೆಟ್ 25-23ರಿಂದ ಇಟಲಿಗೆ. ಎರಡನೆಯದನ್ನು ಟರ್ಕಿ 25-13ರಿಂದ ಬಾಚಿಕೊಂಡಿತು. ಮೂರನೆಯದು 26-24, ಮತ್ತೆ ಇಟಲಿ. ನಾಲ್ಕನೆಯದು 25-19, ಮತ್ತೆ ಟರ್ಕಿ. ಹದಿನೈದು ಪಾಯಿಂಟ್‌ಗಳ ಐದನೇ ಸೆಟ್ಟನ್ನು ಇಟಲಿ 15-8ರಿಂದ ಮುಗಿಸಿ, 2002ರ ನಂತರ ಮೊದಲ ಸಲ ವಿಶ್ವ ಪಟ್ಟಕ್ಕೇರಿತು. ಅದು ಆ ತಂಡದ ಸತತ 36ನೇ ಗೆಲುವು.

ಈ ಪಂದ್ಯದಲ್ಲಿ ಅಂಕಗಳಷ್ಟೇ ಗಮನ ಸೆಳೆಯುವ ಇನ್ನೊಂದು ವಿಷಯವಿದೆ. ಟರ್ಕಿಯ ಬೆಂಚಿನ ಬಳಿ ನಿಂತಿದ್ದ ಕೋಚ್ ಡೇನಿಯಲೆ ಸಂತರೆಲ್ಲಿ ಇಟಲಿಯವರು. ಎದುರು ತಂಡದ ಹಿಂದಿನ ಸಾಲಿನಲ್ಲಿ ಚೆಂಡು ನೆಲಕ್ಕೆ ಬೀಳದಂತೆ ಕಾಯುತ್ತಿದ್ದ ಲಿಬೆರೊ ಮೋನಿಕಾ ದೆ ಜೆನ್ನಾರೊ ಈ ಸಂತರೆಲ್ಲಿಯ ಪತ್ನಿ. ಇಟಲಿಯ ಕೊನೆಲ್ಯಾನೊ ಕ್ಲಬ್‌ನಲ್ಲಿ ವರ್ಷದ ಹೆಚ್ಚಿನ ಕಾಲ ಆಕೆಗೆ ತರಬೇತಿ ಕೊಡುವವರೂ ಅವರೇ. ಅಂದು ಟೂರ್ನಿಯ ಶ್ರೇಷ್ಠ ಆಟಗಾರ್ತಿ ಪ್ರಶಸ್ತಿ ಪಡೆದ, ಇಟಲಿಗೆ ಚೆಂಡು ಎತ್ತಿಕೊಡುವ ಸೆಟ್ಟರ್ ಅಲೆಸ್ಸಿಯಾ ಓರ್ರೊ, ಆ ಟೂರ್ನಿ ಮುಗಿಸಿ ಹೋಗಿ ಸೇರಿದ್ದು ಇಸ್ತಾಂಬುಲ್‌ನ ಫೆನರ್‌ಬಾಚೆ ಕ್ಲಬ್ಬನ್ನು. ಟರ್ಕಿಯ ದೊಡ್ಡ ಅಸ್ತ್ರ ಮೆಲಿಸ್ಸಾ ವರ್ಗಾಸ್ ಆಡುವುದೂ ಅಲ್ಲೇ. ಬ್ಯಾಂಕಾಕ್‌ನಲ್ಲಿ ಯಾರ ಹೊಡೆತವನ್ನು ತಡೆಯಲು ಓರ್ರೊ ನೆಟ್ ಬಳಿ ಜಿಗಿಯುತ್ತಿದ್ದರೋ, ಅದೇ ವರ್ಗಾಸ್‌ಗೆ ಚೆಂಡು ಎತ್ತಿಕೊಡುವುದು ಕೆಲವೇ ವಾರಗಳಲ್ಲಿ ಅವರ ದಿನನಿತ್ಯದ ಕೆಲಸವಾಯಿತು.

ಮಹಿಳಾ ವಾಲಿಬಾಲ್‌ನ ಇಂದಿನ ಕಥೆಯ ತಿರುಳು ಇಲ್ಲಿದೆ. ನೆಟ್‌ನ ಎರಡೂ ಬದಿಗೆ ದೇಶಗಳ ಬಾವುಟ ಇರುತ್ತದೆ, ರಾಷ್ಟ್ರಗೀತೆ ಇರುತ್ತದೆ. ಆದರೆ ಈ ಆಟಗಾರ್ತಿಯರು ತಯಾರಾಗುವುದು, ಸಂಬಳ ಪಡೆಯುವುದು, ವಾರಕ್ಕೆರಡು ಸಲ ತಮ್ಮಷ್ಟೇ ಗಟ್ಟಿಗರ ಎದುರು ಆಡಿ ಹದಗೊಳ್ಳುವುದು ಕ್ಲಬ್‌ಗಳಲ್ಲಿ. ಅದರಲ್ಲೂ ಬಹುಪಾಲು ಎರಡೇ ದೇಶಗಳ ಕ್ಲಬ್‌ಗಳಲ್ಲಿ. ವಿಶ್ವ ಚಾಂಪಿಯನ್‌ಷಿಪ್ ಫೈನಲ್‌ಗೆ ಅದೇ ಎರಡು ದೇಶಗಳು ಬಂದು ನಿಂತದ್ದು ಆಕಸ್ಮಿಕ ಎಂದು ನನಗೆ ಅನ್ನಿಸುವುದಿಲ್ಲ.

ಲೆಕ್ಕ ಇಟ್ಟು ನೋಡೋಣ. ಯುರೋಪಿನ ಕ್ಲಬ್‌ಗಳ ಅತಿ ದೊಡ್ಡ ಟೂರ್ನಿ ಚಾಂಪಿಯನ್ಸ್ ಲೀಗ್. 2011ರಿಂದ 2025ರವರೆಗೆ, ಕೋವಿಡ್‌ನಿಂದ ರದ್ದಾದ 2020ನ್ನು ಬಿಟ್ಟರೆ, 14 ಸಲ ಪ್ರಶಸ್ತಿ ಕೊಡಲಾಗಿದೆ. ಅದರಲ್ಲಿ ಟರ್ಕಿಯ ಕ್ಲಬ್‌ಗಳಿಗೆ 8, ಇಟಲಿಯ ಕ್ಲಬ್‌ಗಳಿಗೆ 5. ಹೊರಗೆ ಹೋದದ್ದು ಒಂದೇ, 2014ರಲ್ಲಿ ರಷ್ಯಾದ ದಿನಾಮೊ ಕಜಾನ್‌ಗೆ. 2025ರ ಮೇ ತಿಂಗಳಲ್ಲಿ ಇಸ್ತಾಂಬುಲ್‌ನಲ್ಲಿ ನಡೆದ ಅಂತಿಮ ನಾಲ್ಕರ ಸುತ್ತಿಗೆ ಬಂದವು ಕೊನೆಲ್ಯಾನೊ, ಮಿಲಾನ್, ಸ್ಕಾಂದಿಚ್ಚಿ ಮತ್ತು ವಕಿಫ್‌ಬ್ಯಾಂಕ್: ಮೂರು ಇಟಲಿಯವು, ಒಂದು ಟರ್ಕಿಯದು. ಗೆದ್ದದ್ದು ಕೊನೆಲ್ಯಾನೊ. ಆ ಋತುವಿನಲ್ಲಿ ತಾನು ಆಡಿದ ಐದೂ ಟೂರ್ನಿಗಳನ್ನು ಅದು ಗೆದ್ದಿತ್ತು.

ಕೊನೆಲ್ಯಾನೊ ಎಂದರೆ ವೆನಿಸ್‌ನ ಉತ್ತರಕ್ಕೆ, ಪ್ರೊಸೆಕ್ಕೊ ದ್ರಾಕ್ಷಿ ಬೆಳೆಯುವ ಗುಡ್ಡಗಳ ಮಧ್ಯೆ ಇರುವ ಸಣ್ಣ ಊರು. ಜನಸಂಖ್ಯೆಯಲ್ಲಿ ನಮ್ಮ ಒಂದು ತಾಲ್ಲೂಕು ಕೇಂದ್ರಕ್ಕೆ ಸಮ. ಅಂಥ ಊರಿನ ಹೆಸರು ಹೊತ್ತ ತಂಡದಲ್ಲಿ ಬ್ರೆಜಿಲ್‌ನ ನಾಯಕಿ ಗಾಬಿ ಗಿಮಾರಾಯೆಸ್, ಸ್ವೀಡನ್‌ನ ಇಸಬೆಲ್ ಹಾಕ್, ಪೋಲೆಂಡ್‌ನ ಸೆಟ್ಟರ್ ಯೋಆನ್ನಾ ವೊಲೊಶ್, ಚೀನಾದ ಝೂ ತಿಂಗ್ 2024-25ರ ಋತುವಿನಲ್ಲಿ ಒಟ್ಟಿಗೆ ಆಡಿದರು. 2019ರಿಂದ 2021ರ ನಡುವೆ ಈ ಕ್ಲಬ್ ಸತತ 76 ಪಂದ್ಯ ಗೆದ್ದು ವಿಶ್ವದಾಖಲೆ ಮಾಡಿತ್ತು. ಅದಕ್ಕೂ ಹಿಂದಿನ ದಾಖಲೆ, 73 ಪಂದ್ಯ, ಇದ್ದದ್ದು ಇಸ್ತಾಂಬುಲ್‌ನ ವಕಿಫ್‌ಬ್ಯಾಂಕ್ ಹೆಸರಿನಲ್ಲಿ.

ಆಟಗಾರ್ತಿಯರ ಓಡಾಟವೂ ಈ ಎರಡು ದೇಶಗಳ ನಡುವೆಯೇ ಹೆಚ್ಚು. 2022ರಲ್ಲಿ ಇಟಲಿಯ ಪಾವೊಲಾ ಎಗೋನು ಕೊನೆಲ್ಯಾನೊ ಬಿಟ್ಟು ವಕಿಫ್‌ಬ್ಯಾಂಕ್‌ಗೆ ಹೋದರು. ಅದೇ ಬೇಸಿಗೆಯಲ್ಲಿ ಹಾಕ್ ವಕಿಫ್‌ಬ್ಯಾಂಕ್ ಬಿಟ್ಟು ಕೊನೆಲ್ಯಾನೊಗೆ ಬಂದರು. ಎರಡು ವರ್ಷದ ನಂತರ ಗಾಬಿ ಹಿಡಿದದ್ದೂ ಇದೇ ದಾರಿ. ಸರ್ಬಿಯಾದ ತಿಯಾನಾ ಬೋಶ್ಕೊವಿಚ್ 2015ರಿಂದ ಹತ್ತು ವರ್ಷ ಇಸ್ತಾಂಬುಲ್‌ನ ಎಜ್ಝಾಜಿಬಾಶಿ ತಂಡಕ್ಕೆ ಆಡಿ, 2025ರಲ್ಲಿ ಅದೇ ನಗರದ ವಕಿಫ್‌ಬ್ಯಾಂಕ್ ಸೇರಿದರು. ಎಡಗೈಯಲ್ಲಿ ಹೊಡೆಯುವ ಈ ಆಪೊಸಿಟ್ (ಮುಖ್ಯ ಹೊಡೆತಗಾರ್ತಿ) 2018 ಮತ್ತು 2022ರಲ್ಲಿ ಸರ್ಬಿಯಾವನ್ನು ಸತತ ಎರಡು ಸಲ ವಿಶ್ವ ಚಾಂಪಿಯನ್ ಮಾಡಿದವರು, ಎರಡೂ ಸಲ ಟೂರ್ನಿಯ ಶ್ರೇಷ್ಠ ಆಟಗಾರ್ತಿ. ಸುಮಾರು 70 ಲಕ್ಷ ಜನರ ದೇಶವೊಂದು ಅಷ್ಟೆತ್ತರಕ್ಕೆ ಹೋದದ್ದರಲ್ಲಿ ಇಸ್ತಾಂಬುಲ್‌ನ ಒಂದು ಔಷಧ ಕಂಪನಿಯ ಪಾಲೂ ಇದೆ. ಎಜ್ಝಾಜಿಬಾಶಿ ಎಂಬುದು ಔಷಧ ವ್ಯಾಪಾರದಿಂದ ಬೆಳೆದ ಉದ್ಯಮ ಸಮೂಹದ ಹೆಸರು. ವಕಿಫ್‌ಬ್ಯಾಂಕ್ ಹೆಸರೇ ಹೇಳುವಂತೆ ಬ್ಯಾಂಕ್.

ಕಂಪನಿಯೊಂದು ಮಹಿಳೆಯರ ತಂಡ ಕಟ್ಟಿ ಅದರಿಂದ ದೇಶಕ್ಕೆ ಪದಕ ಬರುವುದು ಈ ಆಟದಲ್ಲಿ ಹಳೆಯ ಸಂಗತಿ. ವಾಲಿಬಾಲ್ ಒಲಿಂಪಿಕ್ಸ್‌ಗೆ ಸೇರಿದ್ದು 1964ರಲ್ಲಿ, ಟೋಕಿಯೊದಲ್ಲಿ. ಅಂದು ಸೋವಿಯತ್ ಒಕ್ಕೂಟವನ್ನು ಸೋಲಿಸಿ ಚಿನ್ನ ಗೆದ್ದ ಜಪಾನ್ ತಂಡದ ಬಹುತೇಕರು ನಿಚಿಬೊ ಎಂಬ ಜವಳಿ ಗಿರಣಿಯ ತಂಡದವರು. ಹಗಲು ಗಿರಣಿಯ ಕೆಲಸ, ಸಂಜೆಯಿಂದ ರಾತ್ರಿ ಬಹಳ ಹೊತ್ತಿನವರೆಗೆ ಕೋಚ್ ಹಿರೊಬುಮಿ ದೈಮಾತ್ಸು ಅವರ ಕಠಿಣ ಅಭ್ಯಾಸ. ಆ ಫೈನಲ್ ಜಪಾನ್‌ನ ದೂರದರ್ಶನ ಇತಿಹಾಸದಲ್ಲೇ ಅತಿ ಹೆಚ್ಚು ಜನ ನೋಡಿದ ಕ್ರೀಡಾ ಪ್ರಸಾರಗಳಲ್ಲಿ ಒಂದು. ಆ ಹೆಣ್ಣುಮಕ್ಕಳು ಅನುಭವಿಸಿದ ಕಷ್ಟವನ್ನು ಯಾರೂ ಆದರ್ಶ ಎನ್ನಬೇಕಿಲ್ಲ. ಆದರೆ ಗಿರಣಿ ಇಲ್ಲದಿದ್ದರೆ ತಂಡವೂ ಇರುತ್ತಿರಲಿಲ್ಲ ಎಂಬುದು ಸತ್ಯ.

ಇಟಲಿಯ ಗುಟ್ಟು ಎಲ್ಲಿದೆ?

ಒಳ್ಳೆಯ ಲೀಗ್ ಇದ್ದ ಮಾತ್ರಕ್ಕೆ ದೇಶದ ತಂಡ ಗೆಲ್ಲುವುದಿಲ್ಲ. ಹಾಗಿದ್ದಿದ್ದರೆ ಇಟಲಿ ಎಂದೋ ಒಲಿಂಪಿಕ್ ಚಿನ್ನ ಗೆಲ್ಲಬೇಕಿತ್ತು. 2024ರ ಆಗಸ್ಟ್ 11ರಂದು ಪ್ಯಾರಿಸ್‌ನಲ್ಲಿ ಅಮೆರಿಕವನ್ನು 25-18, 25-20, 25-17ರ ನೇರ ಸೆಟ್‌ಗಳಲ್ಲಿ ಸೋಲಿಸುವವರೆಗೆ, ಒಳಾಂಗಣ ವಾಲಿಬಾಲ್‌ನಲ್ಲಿ ಇಟಲಿಗೆ ಗಂಡಸರಿಂದಲೂ ಹೆಂಗಸರಿಂದಲೂ ಒಲಿಂಪಿಕ್ ಚಿನ್ನ ಬಂದಿರಲಿಲ್ಲ. ಪ್ಯಾರಿಸ್‌ನ ಆರು ಪಂದ್ಯಗಳಲ್ಲಿ ಆ ತಂಡ ಬಿಟ್ಟುಕೊಟ್ಟದ್ದು ಒಂದೇ ಒಂದು ಸೆಟ್, ಮೊದಲ ಪಂದ್ಯದಲ್ಲಿ ಡೊಮಿನಿಕನ್ ರಿಪಬ್ಲಿಕ್ ವಿರುದ್ಧ. ಒಂದು ವರ್ಷ ಮೊದಲು ಇದೇ ಆಟಗಾರ್ತಿಯರ ದೊಡ್ಡ ಭಾಗ ಯುರೋಪಿಯನ್ ಚಾಂಪಿಯನ್‌ಷಿಪ್‌ನಲ್ಲಿ ನಾಲ್ಕನೇ ಸ್ಥಾನಕ್ಕಿಳಿದಿತ್ತು. ತಂಡದೊಳಗೆ ಒಡಕಿನ ಸುದ್ದಿ ಹಬ್ಬಿತ್ತು. ನಂತರದ ಒಲಿಂಪಿಕ್ ಅರ್ಹತಾ ಟೂರ್ನಿಯಲ್ಲಿ ಎಗೋನು ಆಡಲೇ ಇಲ್ಲ.

ಇದನ್ನು ಬದಲಿಸಿದವರು ಹುಲಿಯೊ ವೆಲಾಸ್ಕೊ. ಅರ್ಜೆಂಟೀನಾದ ಲಾ ಪ್ಲಾಟಾದಲ್ಲಿ ಹುಟ್ಟಿ, ಇಟಲಿಯಲ್ಲಿ ಬೇರೂರಿದ ಈ ಕೋಚ್ 1990 ಮತ್ತು 1994ರಲ್ಲಿ ಇಟಲಿಯ ಪುರುಷರನ್ನು ವಿಶ್ವ ಚಾಂಪಿಯನ್ ಮಾಡಿದ್ದವರು. 1996ರ ಅಟ್ಲಾಂಟಾದಲ್ಲಿ ಬೆಳ್ಳಿಗೆ ತೃಪ್ತಿಪಡಬೇಕಾಯಿತು. 2024ರಲ್ಲಿ ಮಹಿಳಾ ತಂಡದ ಹೊಣೆ ಹೊತ್ತಾಗ ಅವರಿಗೆ ಎಪ್ಪತ್ತು ದಾಟಿತ್ತು. ಅವರಿಗೆ ಈ ತಂಡ ಹೊಸದೇನೂ ಆಗಿರಲಿಲ್ಲ. 1997-98ರಲ್ಲಿ ಅವರು ಇಟಲಿಯ ಮಹಿಳಾ ತಂಡದ ಜತೆಗಿದ್ದರು. ಆಗ ಅವರ ಯೋಚನೆಯಿಂದಲೇ ಶುರುವಾದದ್ದು ಕ್ಲಬ್ ಇಟಾಲಿಯಾ.

ಇದು ಇಟಲಿಯ ವಾಲಿಬಾಲ್ ಒಕ್ಕೂಟವೇ ನಡೆಸುವ ತಂಡ. ಹದಿಹರೆಯದ ಪ್ರತಿಭಾವಂತೆಯರನ್ನು ಒಂದೆಡೆ ಇರಿಸಿ, ಓದು ಮತ್ತು ಅಭ್ಯಾಸ ಎರಡನ್ನೂ ನೋಡಿಕೊಂಡು, ಅವರನ್ನು ವೃತ್ತಿಪರ ಲೀಗ್‌ನಲ್ಲೇ ಪೂರ್ಣ ಪ್ರಮಾಣದ ತಂಡವಾಗಿ ಇಳಿಸುತ್ತದೆ. ಹದಿನೇಳು ವರ್ಷದ ಹುಡುಗಿ ಬೇರೆ ಕ್ಲಬ್‌ನಲ್ಲಿದ್ದರೆ ಬೆಂಚಿನ ಮೇಲೆ ಕೂತು ನೀರಿನ ಬಾಟಲಿ ಕೊಡುತ್ತಿದ್ದಳು. ಇಲ್ಲಿ ಪ್ರತಿ ವಾರ ಅನುಭವಿಗಳ ಎದುರು ಪೂರ್ತಿ ಪಂದ್ಯ ಆಡುತ್ತಾಳೆ. ಹೆಚ್ಚಿನ ಪಂದ್ಯಗಳನ್ನು ಸೋಲುತ್ತಾಳೆ, ಆಡುತ್ತಾ ಕಲಿಯುತ್ತಾಳೆ. ಎಗೋನು, ಓರ್ರೊ, ಈಗಿನ ನಾಯಕಿ ಅನ್ನಾ ದಾನೇಸಿ ಮೂವರೂ ಅಲ್ಲಿಂದ ಬಂದವರು. ಎಗೋನು, ಓರ್ರೊ ಇಬ್ಬರೂ ಹದಿಹರೆಯದಲ್ಲೇ 2016ರ ರಿಯೊ ಒಲಿಂಪಿಕ್ಸ್‌ನಲ್ಲಿದ್ದರು. ಪ್ಯಾರಿಸ್‌ನಲ್ಲಿ ಕಂಡ ಹೊಂದಾಣಿಕೆಗೆ ಒಂದು ದಶಕದ ವಯಸ್ಸಿತ್ತು. ನನ್ನ ಮಟ್ಟಿಗೆ ಇಟಲಿಯಿಂದ ಬೇರೆ ದೇಶಗಳು ಕಲಿಯಬೇಕಾದ ಮೊದಲ ಪಾಠ ಇದೇ, ಉಳಿದದ್ದೆಲ್ಲ ಆಮೇಲೆ.

ವೆಲಾಸ್ಕೊ ಕೋರ್ಟ್‌ನಲ್ಲಿ ಮಾಡಿದ್ದನ್ನು ಅರಿಯಲು ಒಂದು ಸಣ್ಣ ತಾಂತ್ರಿಕ ವಿಷಯ ನೋಡಬೇಕು. ಸರ್ವೀಸ್ ಗೆದ್ದುಕೊಂಡಾಗಲೆಲ್ಲ ತಂಡದ ಆರು ಮಂದಿ ಗಡಿಯಾರದ ದಿಕ್ಕಿನಲ್ಲಿ ಒಂದೊಂದು ಜಾಗ ಸರಿಯುತ್ತಾರೆ. ಮೂವರು ನೆಟ್ ಬಳಿ, ಮೂವರು ಹಿಂದೆ. ನಮ್ಮೂರ ಕೋರ್ಟ್‌ಗಳಲ್ಲಿ ಲಿಫ್ಟರ್ ಎಂದು ಕರೆಯುವ ಸೆಟ್ಟರ್ ಮುಂದಿನ ಸಾಲಿಗೆ ಬಂದಾಗ ಅಲ್ಲಿ ಸ್ಮ್ಯಾಶ್ ಮಾಡಲು ಉಳಿಯುವವರು ಇಬ್ಬರೇ. ಸೆಟ್ಟರ್‌ಗೆ ಕರ್ಣರೇಖೆಯಲ್ಲಿ ನಿಲ್ಲುವ ಆಪೊಸಿಟ್, ಅಂದರೆ ತಂಡದ ಮುಖ್ಯ ಹೊಡೆತಗಾರ್ತಿ, ಆಗ ಹಿಂದಿನ ಸಾಲಿನಲ್ಲಿ ಸಿಕ್ಕಿಕೊಂಡಿರುತ್ತಾಳೆ. ಮೂರು ಮೀಟರ್ ಗೆರೆಯ ಹಿಂದಿನಿಂದ ಜಿಗಿದು ಹೊಡೆಯಬಹುದು, ಆದರೆ ಅದು ಕಷ್ಟದ ಹೊಡೆತ. ಪ್ರತಿ ತಂಡಕ್ಕೂ ಬಲ ಕುಗ್ಗುವ ಹೊತ್ತು ಅದು.

ಆ ಹೊತ್ತಿನಲ್ಲಿ ವೆಲಾಸ್ಕೊ ಇಬ್ಬರನ್ನೂ ಒಟ್ಟಿಗೆ ಹೊರಗೆ ಕರೆಯುತ್ತಿದ್ದರು. ನೆಟ್ ಬಳಿಯ ಓರ್ರೊ ಜಾಗಕ್ಕೆ ಎತ್ತರದ ಆಪೊಸಿಟ್ ಎಕತೆರಿನಾ ಅಂತ್ರೊಪೊವಾ, ಹಿಂದಿನ ಎಗೋನು ಜಾಗಕ್ಕೆ ಎರಡನೇ ಸೆಟ್ಟರ್ ಕಾರ್ಲೊತ್ತಾ ಕಾಂಬಿ. ಒಂದೇ ಏಟಿಗೆ ನೆಟ್ ಬಳಿ ಮೂವರು ಹೊಡೆತಗಾರ್ತಿಯರು ಸಿದ್ಧ, ಎದುರಾಳಿಯ ಹೊಡೆತ ತಡೆಯುವ ಬ್ಲಾಕ್‌ನ ಎತ್ತರವೂ ಏರಿತು. ಮೂರು ಸುತ್ತು ಸರಿದ ಮೇಲೆ ಮೊದಲಿನ ಜೋಡಿ ವಾಪಸ್. ಒಂದು ಸೆಟ್‌ಗೆ ಸಿಗುವ ಆರು ಬದಲಾವಣೆಗಳಲ್ಲಿ ನಾಲ್ಕು ಇದಕ್ಕೇ ಖರ್ಚಾಗುತ್ತವೆ. ತಂತ್ರ ಹಳೆಯದು, ಎಲ್ಲ ಕೋಚ್‌ಗಳಿಗೂ ಗೊತ್ತು. ಇದು ಫಲ ಕೊಡಬೇಕಾದರೆ ಎರಡನೇ ಆಪೊಸಿಟ್ ಕೂಡ ಮೊದಲನೆಯವಳಷ್ಟೇ ಗಟ್ಟಿಗಳಿರಬೇಕು. ಜಗತ್ತಿನ ಬೇರೆ ಯಾವ ತಂಡದಲ್ಲೂ ನೇರವಾಗಿ ಆರಂಭದ ಆರರಲ್ಲಿ ಇರಬಹುದಾದ ಅಂತ್ರೊಪೊವಾ ಸೆಟ್‌ನ ನಡುವೆ ಕೆಲವೇ ನಿಮಿಷ ಬಂದು ಹೋಗಲು ಒಪ್ಪಬೇಕು. ಜಗತ್ತಿನ ಅತಿ ಹೆಸರುವಾಸಿ ಆಟಗಾರ್ತಿ ಎಗೋನು ಆ ಹೊತ್ತು ಬೆಂಚಿಗೆ ಹೋಗಿ ಕೂರಲು ಒಪ್ಪಬೇಕು. ಹಿಂದಿನ ವರ್ಷ ಮನಸ್ತಾಪದಲ್ಲಿ ಮುಳುಗಿದ್ದ ತಂಡದಲ್ಲಿ ಇದನ್ನು ಸಾಧಿಸಿದ್ದೇ ವೆಲಾಸ್ಕೊ ಅವರ ನಿಜವಾದ ಗೆಲುವು.

ಲೆಕ್ಕ ಹೀಗಿದೆ: 2024ರ ಜೂನ್‌ನಲ್ಲಿ ಶುರುವಾದ ಗೆಲುವಿನ ಸರಣಿಯಲ್ಲಿ ಬ್ಯಾಂಕಾಕ್‌ನಲ್ಲೇ ಜಪಾನ್ ವಿರುದ್ಧ ಗೆದ್ದ 2024ರ ನೇಷನ್ಸ್ ಲೀಗ್ (ದೇಶಗಳ ತಂಡಗಳ ವಾರ್ಷಿಕ ಟೂರ್ನಿ) ಫೈನಲ್ ಇದೆ, ಪ್ಯಾರಿಸ್‌ನ ಆರು ಗೆಲುವುಗಳಿವೆ, 2025ರ ನೇಷನ್ಸ್ ಲೀಗ್‌ನ ಹದಿನೈದಕ್ಕೆ ಹದಿನೈದೂ ಇವೆ. ಆ ಟೂರ್ನಿಯ ಫೈನಲ್‌ನಲ್ಲಿ, ಪೋಲೆಂಡ್‌ನ ವುಚ್‌ನಲ್ಲಿ, ಸೋತದ್ದು ಬ್ರೆಜಿಲ್. ಕೊನೆಗೆ ವಿಶ್ವ ಚಾಂಪಿಯನ್‌ಷಿಪ್‌ನ ಏಳು. ಸೆಮಿಫೈನಲ್‌ನಲ್ಲಿ ಬ್ರೆಜಿಲ್ ಮತ್ತು ಫೈನಲ್‌ನಲ್ಲಿ ಟರ್ಕಿ ಎರಡೂ ಐದು ಸೆಟ್‌ಗಳವರೆಗೆ ಎಳೆದವು. ಹಾಗಾಗಿ ಇಟಲಿಯನ್ನು ಅಜೇಯ ಎನ್ನುವುದಕ್ಕಿಂತ, ಕೊನೆಯ ಸೆಟ್‌ನಲ್ಲಿ ಕೈ ನಡುಗದ ತಂಡ ಎನ್ನುವುದು ಸರಿ.

ಯಾರು ಯಾವ ದೇಶದವರು?

ಕ್ಲಬ್ ಆಟದ ಇನ್ನೊಂದು ಪರಿಣಾಮ ಆಟಗಾರ್ತಿಯರ ಗುರುತಿನ ಮೇಲಾಗಿದೆ. ವರ್ಗಾಸ್ ಹುಟ್ಟಿದ್ದು 1999ರಲ್ಲಿ ಕ್ಯೂಬಾದ ಸಿಯೆನ್‌ಫ್ಯೂಗೋಸ್‌ನಲ್ಲಿ. ಅದು 1992, 1996, 2000ರಲ್ಲಿ ಸತತ ಮೂರು ಒಲಿಂಪಿಕ್ ಚಿನ್ನ ಗೆದ್ದ ದೇಶ. ಮಿರೆಯಾ ಲೂಯಿಸ್, ರೆಗ್ಲಾ ತೊರೆಸ್ ಹೆಸರು ಕೇಳಿದರೆ ಹಳೆಯ ವಾಲಿಬಾಲ್ ಪ್ರಿಯರ ಮುಖ ಇಂದಿಗೂ ಅರಳುತ್ತದೆ. ಆದರೆ ಆಟಗಾರರು ವಿದೇಶಿ ಕ್ಲಬ್‌ಗಳಿಗೆ ಹೋಗುವುದನ್ನು ಕ್ಯೂಬಾ ಬಹುಕಾಲ ಬಿಗಿ ಹಿಡಿತದಲ್ಲಿಟ್ಟುಕೊಂಡಿತು. ಒಳಗೆ ದುಡಿಮೆಗೆ ತಕ್ಕ ಸಂಬಳ ಇಲ್ಲ, ಹೊರಗೆ ಹೋಗಲು ಬಿಡುವುದಿಲ್ಲ. ಪ್ರತಿಭೆ ಸೋರಿಹೋಯಿತು. 2008ರ ನಂತರ ಕ್ಯೂಬಾದ ಮಹಿಳೆಯರು ಒಲಿಂಪಿಕ್ಸ್‌ಗೆ ಅರ್ಹತೆ ಪಡೆದಿಲ್ಲ. ವರ್ಗಾಸ್ 2021ರಲ್ಲಿ ಟರ್ಕಿಯ ಪೌರತ್ವ ಪಡೆದರು, 2023ರಲ್ಲಿ ಆ ದೇಶಕ್ಕೆ ಆಡುವ ಅರ್ಹತೆ ಸಿಕ್ಕಿತು. ಅದೇ ವರ್ಷ ಟರ್ಕಿ ನೇಷನ್ಸ್ ಲೀಗ್ ಮತ್ತು ಯುರೋಪಿಯನ್ ಚಾಂಪಿಯನ್‌ಷಿಪ್ ಎರಡನ್ನೂ ಮೊದಲ ಬಾರಿಗೆ ಗೆದ್ದಿತು, ಎರಡರಲ್ಲೂ ವರ್ಗಾಸ್ ಶ್ರೇಷ್ಠ ಆಟಗಾರ್ತಿ. ಬ್ಯಾಂಕಾಕ್ ಫೈನಲ್‌ನಲ್ಲೂ ಅತಿ ಹೆಚ್ಚು ಪಾಯಿಂಟ್ ಗಳಿಸಿದವರು ಸೋತ ತಂಡದ ವರ್ಗಾಸ್.

ಅಂತ್ರೊಪೊವಾ ಕಥೆ ಇನ್ನೂ ಅಚ್ಚರಿಯದು. ರಷ್ಯನ್ ತಂದೆತಾಯಿಗೆ ಐಸ್‌ಲ್ಯಾಂಡ್‌ನ ಅಕುರೇರಿಯಲ್ಲಿ 2003ರಲ್ಲಿ ಹುಟ್ಟಿ, ಇಟಲಿಯಲ್ಲಿ ಆಡುತ್ತಾ ಬೆಳೆದು, 2023ರಲ್ಲಿ ಇಟಲಿಯ ಪೌರತ್ವ ಪಡೆದವರು.

ಎಗೋನು ಅವರದ್ದು ಹಾಗಲ್ಲ. ಅವರು ಹುಟ್ಟಿದ್ದೇ ಇಟಲಿಯ ಚಿತ್ತದೆಲ್ಲಾದಲ್ಲಿ, 1998ರಲ್ಲಿ, ನೈಜೀರಿಯಾದಿಂದ ಬಂದ ದಂಪತಿಗೆ. ಇಟಲಿಯ ಕಾನೂನಿನಲ್ಲಿ ಅಲ್ಲಿ ಹುಟ್ಟಿದ ಮಾತ್ರಕ್ಕೆ ಪೌರತ್ವ ಸಿಗುವುದಿಲ್ಲ. ಅವರಿಗೆ ಅದು ಸಿಕ್ಕಿದ್ದು ಹದಿಹರೆಯದಲ್ಲಿ. 2022ರ ಅಕ್ಟೋಬರ್‌ನಲ್ಲಿ ಇಟಲಿ ವಿಶ್ವ ಚಾಂಪಿಯನ್‌ಷಿಪ್‌ನ ಕಂಚು ಗೆದ್ದ ಕೆಲವೇ ನಿಮಿಷಗಳಲ್ಲಿ, ಅಂಗಳದ ಬದಿಯಲ್ಲಿ ಕಣ್ಣೀರು ಹಾಕುತ್ತಾ, ತನ್ನನ್ನು ‘ನೀನು ಇಟಲಿಯವಳೇ’ ಎಂದು ಕೇಳುತ್ತಾರೆ, ಇನ್ನು ರಾಷ್ಟ್ರೀಯ ತಂಡಕ್ಕೆ ಆಡಲಾರೆ ಎಂದು ಅವರು ಹೇಳುತ್ತಿದ್ದ ವಿಡಿಯೊ ಜಗತ್ತಿನಾದ್ಯಂತ ಹರಿದಾಡಿತು. ಅಂದಿನ ಪ್ರಧಾನಿ ಮಾರಿಯೊ ದ್ರಾಗಿ ಫೋನ್ ಮಾಡಿ ಬೆಂಬಲ ಹೇಳಬೇಕಾಯಿತು. ಎರಡು ವರ್ಷಕ್ಕೆ ಅದೇ ಎಗೋನು ಪ್ಯಾರಿಸ್ ಒಲಿಂಪಿಕ್ಸ್‌ನ ಶ್ರೇಷ್ಠ ಆಟಗಾರ್ತಿ. ಚಿನ್ನ ಗೆದ್ದ ಬೆನ್ನಲ್ಲೇ ರೋಮ್‌ನಲ್ಲಿ, ಇಟಲಿ ಒಲಿಂಪಿಕ್ ಸಮಿತಿಯ ಕಚೇರಿ ಎದುರಿನ ಗೋಡೆಯ ಮೇಲೆ ಕಲಾವಿದೆ ಲೈಕಾ ಎಗೋನು ಚಿತ್ರ ಬಿಡಿಸಿದರು. ಯಾರೋ ಬಂದು ಆ ಚಿತ್ರದ ಮುಖಕ್ಕೂ ಕೈಕಾಲಿಗೂ ಗುಲಾಬಿ ಬಣ್ಣ ಬಳಿದರು.

ತಂಡದಲ್ಲಿ ಎಗೋನು ಒಬ್ಬರೇ ಅಲ್ಲ. ಮಿರಿಯಂ ಸಿಲ್ಲಾ ಪಲೆರ್ಮೊದಲ್ಲಿ ಹುಟ್ಟಿದವರು, ತಂದೆತಾಯಿ ಐವರಿ ಕೋಸ್ಟ್‌ನವರು. ಈ ಚಿನ್ನ ಇಟಲಿಯಲ್ಲಿ ಪೌರತ್ವ ಕಾನೂನಿನ ಚರ್ಚೆಯನ್ನು ಮತ್ತೆ ಬಿಸಿ ಮಾಡಿತು. 2025ರ ಜೂನ್‌ನಲ್ಲಿ, ಪೌರತ್ವಕ್ಕೆ ಬೇಕಾದ ವಾಸದ ಅವಧಿಯನ್ನು ಹತ್ತು ವರ್ಷದಿಂದ ಐದಕ್ಕೆ ಇಳಿಸುವ ಜನಮತಗಣನೆ ನಡೆದಾಗ ಅರ್ಧದಷ್ಟು ಮತದಾರರೂ ಬರಲಿಲ್ಲ, ಹಾಗಾಗಿ ಅದು ಬಿದ್ದುಹೋಯಿತು. ಪದಕಗಳಿಂದ ಸಮಾಜ ಬದಲಾಗುತ್ತದೆ ಎಂದು ನಂಬುವುದು ಸುಲಭ. ಇಲ್ಲಿ ಹಾಗಾಗಿಲ್ಲ. ಅಷ್ಟೆಲ್ಲ ಗೆದ್ದ ಮೇಲೂ ಎಗೋನು ತನ್ನ ಊರು ಯಾವುದೆಂದು ಸಾಬೀತು ಮಾಡಬೇಕಾಗಿ ಬರುವುದು ಅನ್ಯಾಯ. ಅದನ್ನು ಅನ್ಯಾಯ ಎಂದೇ ಕರೆಯಬೇಕು.

ಬೇರೆ ದಾರಿಯಲ್ಲಿ ಬಂದವರು

ಎತ್ತರವೂ ದುಡ್ಡೂ ಎಲ್ಲವನ್ನೂ ನಿರ್ಧರಿಸುತ್ತವೆ ಎಂದರೆ ಜಪಾನ್‌ಗೆ ಜಾಗವೇ ಇರಬಾರದಿತ್ತು. 2.24 ಮೀಟರ್ ಎತ್ತರದ ನೆಟ್ ಮೇಲೆ ಯುರೋಪಿನವರಿಗಿಂತ ಕುಳ್ಳಗಿರುವ ಆಟಗಾರ್ತಿಯರನ್ನಿಟ್ಟುಕೊಂಡೇ ಅವರು 2024ರ ನೇಷನ್ಸ್ ಲೀಗ್ ಬೆಳ್ಳಿ ಗೆದ್ದರು, 2025ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ನಾಲ್ಕನೆಯವರಾದರು. ನೆಲದಿಂದ ಒಂದಂಗುಲ ಮೇಲಿರುವ ಚೆಂಡನ್ನೂ ಬಿಡದೆ ಎತ್ತುವ ರಕ್ಷಣೆ, ಎದುರಾಳಿ ಬ್ಲಾಕ್ ಜೋಡಿಸಿಕೊಳ್ಳುವ ಮೊದಲೇ ಮುಗಿಯುವ ವೇಗದ ದಾಳಿ ಅವರ ಬಲ. ಆದರೆ ಜಪಾನ್ ಕೂಡ ಈಗ ಕ್ಲಬ್ ಜಗತ್ತಿನಿಂದ ದೂರ ಉಳಿದಿಲ್ಲ. ನಾಯಕಿ ಮಾಯು ಇಶಿಕಾವಾ ಇಟಲಿಯ ನೊವಾರಾದಲ್ಲಿ ಪಳಗಿದವರು. 2025ರಿಂದ ತಂಡದ ಕೋಚ್ ಟರ್ಕಿಯ ಫರ್ಹತ್ ಅಕ್ಬಾಶ್, ಆ ಹುದ್ದೆಗೆ ಬಂದ ಮೊದಲ ವಿದೇಶಿ. 1964ರ ಗಿರಣಿ ತಂಡದ ದೇಶಕ್ಕೆ ಇದು ಸಣ್ಣ ಹೆಜ್ಜೆಯಲ್ಲ.

ಆತಿಥ್ಯ ವಹಿಸಿದ ಥಾಯ್ಲೆಂಡ್ ಬಗ್ಗೆ ಒಂದು ಮಾತು. ಮೊದಲ ಸಲ 32 ತಂಡಗಳು ಆಡಿದ ವಿಶ್ವ ಚಾಂಪಿಯನ್‌ಷಿಪ್ ಅದು, ನಾಲ್ಕು ನಗರಗಳಲ್ಲಿ ನಡೆಯಿತು. ಮೂರು ಸಲ ಏಷ್ಯಾ ಚಾಂಪಿಯನ್ ಆದರೂ ಥಾಯ್ಲೆಂಡ್ ಇದುವರೆಗೆ ಒಲಿಂಪಿಕ್ಸ್‌ನಲ್ಲಿ ಆಡಿಲ್ಲ. ಆದರೂ ಅಲ್ಲಿ ಮಹಿಳಾ ವಾಲಿಬಾಲ್‌ಗೆ ಇರುವ ಜನಪ್ರೀತಿ ಯುರೋಪಿನ ಹಲವು ಚಾಂಪಿಯನ್ ದೇಶಗಳಲ್ಲಿ ಇಲ್ಲ.

ಚೀನಾಕ್ಕೆ 2016ರ ರಿಯೊ ಚಿನ್ನ ತಂದ ಝೂ ತಿಂಗ್ ಹೆನಾನ್ ಪ್ರಾಂತದ ಹಳ್ಳಿಯವರು. ಆ ತಂಡದ ಕೋಚ್ ಲಾಂಗ್ ಪಿಂಗ್ 1984ರಲ್ಲಿ ಆಟಗಾರ್ತಿಯಾಗಿ ಚಿನ್ನ ಗೆದ್ದವರು. 2008ರ ಬೀಜಿಂಗ್‌ನಲ್ಲಿ ಅಮೆರಿಕ ತಂಡದ ಕೋಚ್ ಆಗಿ ಬೆಳ್ಳಿ ಗೆದ್ದ ಅನುಭವವನ್ನೂ ಅವರು ಚೀನಾಕ್ಕೆ ಹೊತ್ತು ತಂದಿದ್ದರು. ಬ್ರೆಜಿಲ್‌ನ ಮಾತು ಬಂದರೆ ಮನಸ್ಸು ಸ್ವಲ್ಪ ಭಾರವಾಗುತ್ತದೆ. 2008 ಮತ್ತು 2012ರಲ್ಲಿ ಒಲಿಂಪಿಕ್ ಚಿನ್ನ ಗೆದ್ದ ಈ ದೇಶದ ಮಹಿಳೆಯರು ನಾಲ್ಕು ಸಲ ಫೈನಲ್ ಮುಟ್ಟಿಯೂ ಇದುವರೆಗೆ ವಿಶ್ವ ಚಾಂಪಿಯನ್ ಆಗಿಲ್ಲ. 180 ಸೆಂಟಿಮೀಟರ್ ಎತ್ತರದ ಗಾಬಿ, ತನಗಿಂತ ಹದಿನೈದು ಸೆಂಟಿಮೀಟರ್ ಎತ್ತರದವರ ಬ್ಲಾಕ್ ಎದುರು ಚೆಂಡನ್ನು ಅವರ ಬೆರಳ ತುದಿಗೆ ತಾಗಿಸಿ ಹೊರಗೆ ಹಾರಿಸುವ ಜಾಣ್ಮೆ ನೋಡಿದವರಿಗೆ, ಈ ಕಾಲದ ಪರಿಪೂರ್ಣ ಆಟಗಾರ್ತಿ ಯಾರೆಂದು ಹುಡುಕಬೇಕಾಗಿಲ್ಲ.

2006 ಮತ್ತು 2010ರ ವಿಶ್ವ ಚಾಂಪಿಯನ್ ರಷ್ಯಾ 2022ರಿಂದ ನಿಷೇಧದಿಂದಾಗಿ ಹೊರಗುಳಿಯಿತು. ಈ ವರ್ಷಗಳ ಪದಕಪಟ್ಟಿ ಓದುವಾಗ ಅದನ್ನೂ ನೆನಪಿಡಬೇಕು.

ಅಮೆರಿಕದ ಕಥೆಯೇ ಬೇರೆ. ಅಲ್ಲಿ ಕಾಲೇಜು ವಾಲಿಬಾಲ್‌ಗೆ ಇರುವ ಹುಚ್ಚು ನಂಬಲಸಾಧ್ಯ. 2023ರ ಆಗಸ್ಟ್ 30ರಂದು ನೆಬ್ರಾಸ್ಕಾ ವಿಶ್ವವಿದ್ಯಾಲಯದ ಫುಟ್‌ಬಾಲ್ ಮೈದಾನದ ನಡುವೆ ಕೋರ್ಟ್ ಹಾಕಿ ಮಹಿಳೆಯರ ಪಂದ್ಯ ಆಡಿಸಿದಾಗ 92,003 ಜನ ಬಂದಿದ್ದರು. 2021ರಲ್ಲಿ ನಡೆದ ಟೋಕಿಯೊ ಕೂಟದಲ್ಲಿ ಅಮೆರಿಕದ ಮಹಿಳೆಯರು ಮೊದಲ ಒಲಿಂಪಿಕ್ ಚಿನ್ನ ಗೆದ್ದಾಗ ಶ್ರೇಷ್ಠ ಆಟಗಾರ್ತಿಯಾದ ಜೋರ್ಡನ್ ಲಾರ್ಸನ್ ಇದೇ ನೆಬ್ರಾಸ್ಕಾದ ಹುಡುಗಿ. ಆದರೆ ಕಾಲೇಜು ಮುಗಿದ ಮೇಲೆ? ದಶಕಗಳ ಕಾಲ ಉತ್ತರ ಒಂದೇ: ಪಾಸ್‌ಪೋರ್ಟ್ ತೆಗೆದುಕೊಂಡು ಇಟಲಿಗೋ ಟರ್ಕಿಗೋ ಹೊರಡುವುದು. ಮನೆಯಿಂದ ಎಂಟು ತಿಂಗಳು ದೂರ. 2024ರ ಜನವರಿಯಲ್ಲಿ ಪ್ರೊ ವಾಲಿಬಾಲ್ ಫೆಡರೇಷನ್ (2026ರಿಂದ ಅದರ ಹೆಸರು ಮೇಜರ್ ಲೀಗ್ ವಾಲಿಬಾಲ್), 2025ರ ಜನವರಿಯಲ್ಲಿ ಲೀಗ್ ಒನ್ ವಾಲಿಬಾಲ್ ಶುರುವಾದ ಮೇಲೆ ಕೊನೆಗೂ ಮನೆಯಲ್ಲೇ ವೃತ್ತಿಪರವಾಗಿ ಆಡುವ ಅವಕಾಶ ಬಂದಿದೆ. ಇವೆರಡು ನಾಲ್ಕೈದು ವರ್ಷ ಗಟ್ಟಿಯಾಗಿ ನಿಂತರೆ ಇಟಲಿ-ಟರ್ಕಿಯ ಹಿಡಿತಕ್ಕೆ ನಿಜವಾದ ಸವಾಲು ಅಲ್ಲಿಂದಲೇ ಬರುತ್ತದೆ ಎಂದು ನನ್ನ ಅಂದಾಜು. 2028ರ ಒಲಿಂಪಿಕ್ಸ್ ಇರುವುದೂ ಲಾಸ್ ಏಂಜಲೀಸ್‌ನಲ್ಲಿ.

ಮೊಣಕಾಲಿನ ಲೆಕ್ಕ

ಕ್ಲಬ್‌ಗಳು ಆಟ ಬೆಳೆಸಿವೆ ಸರಿ, ಅದರ ಬೆಲೆ ಕಟ್ಟುತ್ತಿರುವುದು ಆಟಗಾರ್ತಿಯರ ದೇಹ. ಕ್ಲಬ್ ಋತು ಅಕ್ಟೋಬರ್‌ಗೆ ಶುರುವಾಗಿ ಮೇವರೆಗೆ ಎಳೆಯುತ್ತದೆ. ಅದು ಮುಗಿಯುತ್ತಿದ್ದಂತೆ ನೇಷನ್ಸ್ ಲೀಗ್. 2018ರಲ್ಲಿ ಹಳೆಯ ವರ್ಲ್ಡ್ ಗ್ರ್ಯಾನ್ ಪ್ರಿ ಜಾಗಕ್ಕೆ ಬಂದ ಈ ಟೂರ್ನಿಯಲ್ಲಿ ಮೂರು ವಾರ ಬೇರೆ ಬೇರೆ ದೇಶಗಳಲ್ಲಿ ಒಟ್ಟು 12 ಪಂದ್ಯ, ಮೇಲೆ ಅಂತಿಮ ಸುತ್ತು. ಜುಲೈ ಮುಗಿಯುವ ಹೊತ್ತಿಗೆ ಒಲಿಂಪಿಕ್ಸ್, ವಿಶ್ವ ಚಾಂಪಿಯನ್‌ಷಿಪ್ ಅಥವಾ ಖಂಡದ ಚಾಂಪಿಯನ್‌ಷಿಪ್ ಬಾಗಿಲು ತಟ್ಟುತ್ತದೆ. ಸೆಪ್ಟೆಂಬರ್‌ನಲ್ಲಿ ಪದಕ ಕೊರಳಿಗೆ ಬಿದ್ದರೆ ಅಕ್ಟೋಬರ್‌ನಲ್ಲಿ ಮತ್ತೆ ಕ್ಲಬ್‌ನ ಮೊದಲ ಪಂದ್ಯ.

ನಾಲ್ಕು ವರ್ಷಕ್ಕೊಮ್ಮೆ ನಡೆಯುತ್ತಿದ್ದ ವಿಶ್ವ ಚಾಂಪಿಯನ್‌ಷಿಪ್ 2025ರಿಂದ ಎರಡು ವರ್ಷಕ್ಕೊಮ್ಮೆ. ವೀಕ್ಷಕರಿಗೆ, ಪ್ರಸಾರಕರಿಗೆ, ಹೊಸದಾಗಿ ಅವಕಾಶ ಪಡೆದ ವಿಯೆಟ್ನಾಂನಂಥ ದೇಶಗಳಿಗೆ ಅದು ಒಳ್ಳೆಯ ಸುದ್ದಿ. ಒಂದೇ ಪಂದ್ಯದಲ್ಲಿ ನೂರಕ್ಕೂ ಹೆಚ್ಚು ಸಲ ಜಿಗಿದಿಳಿಯುವ, ನೆಟ್ ನಡುವೆ ನಿಂತು ಹೊಡೆತ ತಡೆಯುವ ಮಿಡಲ್ ಬ್ಲಾಕರ್‌ಗೆ ಎಷ್ಟು ಒಳ್ಳೆಯದು ಎಂಬುದು ಬೇರೆ ಪ್ರಶ್ನೆ. ಇಟಲಿಯ ಮಿಡಲ್ ಬ್ಲಾಕರ್ ಸಾರಾ ಫಾರ್ ಚಿಕ್ಕ ವಯಸ್ಸಿನಲ್ಲೇ ಎರಡು ಸಲ ಮೊಣಕಾಲಿನ ಲಿಗಮೆಂಟ್ ಹರಿದುಕೊಂಡು, ಎರಡು ಸಲವೂ ತಿಂಗಳುಗಟ್ಟಲೆ ಹೊರಗಿದ್ದು ಮರಳಿದವರು. ಝೂ ತಿಂಗ್ ಟೋಕಿಯೊ ಕೂಟಕ್ಕೆ ಮಣಿಕಟ್ಟಿನ ಗಾಯದೊಂದಿಗೇ ಹೋದರು, ಹಾಲಿ ಚಾಂಪಿಯನ್ ಚೀನಾ ಗುಂಪು ಹಂತದಲ್ಲೇ ಹೊರಬಿತ್ತು. ಕ್ಲಬ್ ಮತ್ತು ದೇಶ ಎರಡೂ ಒಬ್ಬಳದೇ ಮೊಣಕಾಲಿನ ಮೇಲೆ ಹಕ್ಕು ಹೇಳುತ್ತಿವೆ. ವರ್ಷದಲ್ಲಿ ಕಡ್ಡಾಯ ವಿಶ್ರಾಂತಿಯ ವಾರಗಳನ್ನು ಅಂತರರಾಷ್ಟ್ರೀಯ ವಾಲಿಬಾಲ್ ಒಕ್ಕೂಟ ನಿಗದಿ ಮಾಡಿ, ಅದನ್ನು ಮೀರಿದವರಿಗೆ ದಂಡ ಹಾಕದ ಹೊರತು ಇದು ಸರಿಹೋಗುವಂತೆ ಕಾಣುವುದಿಲ್ಲ.

ಈ ಭೂಪಟದಲ್ಲಿ ನಾವು ಎಲ್ಲಿದ್ದೇವೆ ಎಂದು ಕೇಳುವ ಕನ್ನಡದ ಓದುಗರಿಗೆ ಉತ್ತರ ಚಿಕ್ಕದು. ಬೆಂಗಳೂರಿನ ಕೋರಮಂಗಲ ಒಳಾಂಗಣ ಕ್ರೀಡಾಂಗಣದಲ್ಲಿ 2023ರ ಡಿಸೆಂಬರ್‌ನಲ್ಲಿ ಕ್ಲಬ್ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು, ಅದು ಪುರುಷರದ್ದು. ಪೆರೂಜಾ ಕ್ಲಬ್ ಗೆದ್ದ ಆ ಪಂದ್ಯಗಳಿಂದ ಜಗತ್ತಿನ ಶ್ರೇಷ್ಠರು ಕಣ್ಣೆದುರೇ ಆಡುವುದನ್ನು ಬೆಂಗಳೂರು ಕಂಡಿತು. ಅದೇ ತಿಂಗಳು ಮಹಿಳೆಯರ ಕ್ಲಬ್ ವಿಶ್ವ ಚಾಂಪಿಯನ್‌ಷಿಪ್ ನಡೆದದ್ದು ಚೀನಾದ ಹಾಂಗ್‌ಝೌನಲ್ಲಿ. 2025ರಲ್ಲಿ ಬೆಂಗಳೂರು ಟಾರ್ಪಿಡೋಸ್ ಗೆದ್ದ ಪ್ರೈಮ್ ವಾಲಿಬಾಲ್ ಲೀಗ್ ಕೂಡ ಪುರುಷರದ್ದೇ. ಹೆಣ್ಣುಮಕ್ಕಳು ಶಾಲೆ, ತಾಲ್ಲೂಕು, ಜಿಲ್ಲಾ ಮಟ್ಟದ ಕ್ರೀಡಾಕೂಟಗಳಲ್ಲಿ ಆಡುತ್ತಾರೆ, ಕಾಲೇಜಿನವರೆಗೂ ಆಡುತ್ತಾರೆ. ಅಲ್ಲಿಂದ ಮುಂದೆ ಆಟ ಉಳಿಸಿಕೊಳ್ಳಲು ಇರುವ ದೊಡ್ಡ ಆಸರೆ ರೈಲ್ವೆಯಂಥ ಸಂಸ್ಥೆಗಳ ನೌಕರಿ. ಆ ನೌಕರಿಗಳು ಎಷ್ಟೋ ಹುಡುಗಿಯರ ಬದುಕು ಕಟ್ಟಿವೆ, ಅದನ್ನು ಕಡೆಗಣಿಸಬಾರದು. ಆದರೆ ವರ್ಷಪೂರ್ತಿ ತಮ್ಮಷ್ಟೇ ಗಟ್ಟಿಗರ ಎದುರು ಆಡುವ ಅವಕಾಶ ಅದರಿಂದ ಸಿಗುವುದಿಲ್ಲ. ಪುರುಷರ ಲೀಗ್ ನಡೆಸುವ ಫ್ರಾಂಚೈಸಿಗಳು ನಾಲ್ಕೇ ಮಹಿಳಾ ತಂಡಗಳಿಂದ, ಅದೇ ಕ್ರೀಡಾಂಗಣದಲ್ಲಿ, ಅದೇ ಸಂಜೆ ಪುರುಷರ ಪಂದ್ಯಕ್ಕೆ ಮೊದಲು ಶುರುಮಾಡಬಹುದು. ಅಂಗಣ ಇದೆ, ಕ್ಯಾಮೆರಾ ಇದೆ, ಪ್ರೇಕ್ಷಕರು ಬಂದಿರುತ್ತಾರೆ. ಬೇಕಾಗಿರುವುದು ಎರಡು ಗಂಟೆ ಮೊದಲು ಗೇಟು ತೆರೆಯುವ ಮನಸ್ಸು, ಜತೆಗೆ ನಲವತ್ತು-ಐವತ್ತು ಆಟಗಾರ್ತಿಯರ ಸಂಬಳ.